17 ಮೆಟ್ಟಿಲು ಹತ್ತಿಸೋ ಕೀಲುನೋವಿನ ಕ್ಲಿನಿಕ್ಕು: ಒಬ್ಬ ಟೈಲರ್ ಕಂಡಂತೆ

ಮೊದಲು ಮೆಟ್ಟಿಲಿನ ವಿಷಯ ಹೇಳಿಬಿಡ್ತೀನಿ. 17 ಇವೆ, ಎಣಿಸಿದೀನಿ. ಲಿಫ್ಟ್ ಇಲ್ಲ. ಕೆಳಗೆ ಅಂಗಡಿ, ಮೇಲೆ ‘ಮಂಡಿ, ಸೊಂಟ, ಕತ್ತು, ಕೀಲುನೋವಿಗೆ ಫಿಸಿಯೋಥೆರಪಿ’ ಅಂತ ದೊಡ್ಡ ಬೋರ್ಡು. ಮಂಡಿ ಆಪರೇಷನ್ ಆದ ಅಜ್ಜಿಯರು ವಾಕರ್ ಮಗನ ಕೈಗೆ ಕೊಟ್ಟು, ಕಂಬಿ ಹಿಡ್ಕೊಂಡು, ಎಂಟನೇ ಮೆಟ್ಟಿಲಲ್ಲಿ ನಿಂತು ಉಸಿರು ಬಿಡ್ತಾರೆ. ಒಬ್ಬರಂತೂ “ಹತ್ತಿ ಬಂದಿದ್ದಕ್ಕೆ ಇವರೇ ನಮಗೆ ದುಡ್ಡು ಕೊಡಬೇಕು ಕಣಮ್ಮ” ಅಂದರು. ಕಂಬಿ ಇರೋದೂ ಒಂದೇ ಕಡೆ, ಹತ್ತುವಾಗ ಎಡಕ್ಕೆ. ಎಡಗಾಲು ಗಟ್ಟಿ ಇರೋರಿಗೆ ಒಂದು ಥರ, ಬಲಗಾಲು ಗಟ್ಟಿ ಇರೋರಿಗೆ ಇನ್ನೊಂದು ಥರ ಕಷ್ಟ.

ನನ್ನ ಕಾಲು ಚೆನ್ನಾಗೇ ಇದೆ, ಕೆಟ್ಟಿರೋದು ಕೈ. ಅದಕ್ಕೇ ಏಳು ತಿಂಗಳು ಆ ಮೆಟ್ಟಿಲು ಹತ್ತಿ ಇಳಿದೆ. ಕ್ಲಿನಿಕ್ಕಿನ ಹೆಸರು ಹಾಕ್ತಿಲ್ಲ. ಹೊಗಳಿದರೆ ಡಿಸ್ಕೌಂಟ್ ಕೊಟ್ಟಿರಬೇಕು ಅಂತೀರಿ, ಬೈದರೆ ಅವರು ಫೋನ್ ಮಾಡ್ತಾರೆ. ನಾನಿರೋದು ತುಮಕೂರಲ್ಲಿ. 26 ವರ್ಷದಿಂದ ಬ್ಲೌಸ್ ಹೊಲೀತೀನಿ. ಫಾಲ್, ಪಿಕೋ, ಸೀರೆ ಕುಚ್ಚು, ಎಲ್ಲ ಉಂಟು.

ಎರಡು ವರ್ಷದ ಹಿಂದೆ, ಯುಗಾದಿ ಹತ್ತಿರ ಬಂದಿತ್ತು, ಹೊಲಿಯೋಕೆ ಬಟ್ಟೆ ರಾಶಿ ಬಿದ್ದಿತ್ತು. ಬೆಳಗ್ಗೆ ಎದ್ದರೆ ಬೆರಳು ಮಡಚೋಕೆ ಆಗ್ತಿರಲಿಲ್ಲ. ಹಲ್ಲುಜ್ಜೋ ಬ್ರಷ್ಷು ಎರಡೂ ಅಂಗೈ ಮಧ್ಯೆ ಇಟ್ಟು ಹಿಡಿಯೋದು. ಗ್ಯಾಸ್ ಲೈಟರ್ ಒತ್ತೋಕೆ ಮಗನ್ನ ಎಬ್ಬಿಸೋದು. ಒಂಬತ್ತೂವರೆ ಆದ ಮೇಲೆ ಕೈ ಸ್ವಲ್ಪ ಬಿಡ್ತಿತ್ತು. ವಿಚಿತ್ರ ಏನಂದ್ರೆ ಬಲಗೈಲಿ ಯಾವ ಗೆಣ್ಣು ಊದುತ್ತೋ ಎಡಗೈಲೂ ಅದೇ ಗೆಣ್ಣು, ಎರಡು ತೋಳಿಗೆ ಅಳತೆ ತಗೊಂಡ ಹಾಗೆ. ಮದುವೆ ಉಂಗುರಾನ ಅಕ್ಕಸಾಲಿ ಹತ್ರ ಹೋಗಿ ಕತ್ತರಿಸಿಕೊಂಡು ಬಂದೆ.

ಅಲ್ಲಿಂದ ಎಂಟು ತಿಂಗಳು ಹಾಳು. ಪಕ್ಕದ ಮನೆಯವರು “ಇದು ಚಿಕುನ್‌ಗುನ್ಯಾದ ಉಳಿಕೆ” ಅಂದರು. 2006ರಲ್ಲಿ ಆ ಜ್ವರ ಬಂದಾಗ ನಮ್ಮ ಬೀದಿಯೇ ಕುಂಟಿದ್ದು ನೆನಪಿದೆ, ಆ ಒಂದೇ ವರ್ಷ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳಿದ್ದರು. ಆದರೆ ಅಷ್ಟು ವರ್ಷ ಸುಮ್ಮನಿದ್ದದ್ದು ಈಗ್ಯಾಕೆ ಎದ್ದು ಬರುತ್ತೆ? ಪಾವಗಡದ ನಾದಿನಿ “ನೀರಿನ ದೋಷ” ಅಂದಳು. ಆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಮೂಳೆ ಕೀಲು ಬಿಗಿದುಕೊಂಡವರನ್ನ ನಾನೇ ನೋಡಿದೀನಿ, ಆದರೆ ನಾನು ಕುಡಿಯೋ ನೀರು ಅದಲ್ಲ. ಇನ್ನೊಬ್ಬರು ಪುತ್ತೂರು ಕಟ್ಟು ಹಾಕಿಸು ಅಂದರು. ಮೂಳೆ ಮುರಿದಿಲ್ಲವಲ್ಲ, ಏನನ್ನ ಕಟ್ಟೋದು? ಒಬ್ಬ ಡಾಕ್ಟರು ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು, ಎರಡು ವಾರ ಸ್ವರ್ಗ, ಮೂರನೇ ವಾರ ಡಬಲ್. ಕೊನೆಗೆ ಒಂದು ನಾಟಿ ಪುಡಿ ತಿಂದೆ. ನಾಲ್ಕೇ ದಿನಕ್ಕೆ ನೋವು ಮಾಯ. ಎರಡು ತಿಂಗಳಿಗೆ ಮುಖ ಪೂರಿ ಥರ ಊದಿತು, ಶುಗರ್ 240ಕ್ಕೆ ಹೋಯ್ತು. ಆಮೇಲೆ ನೋಡಿದ ಡಾಕ್ಟರು ಪುಡಿಯ ಪೊಟ್ಟಣ ಮೂಸಿ ಕೂಡ ನೋಡಲಿಲ್ಲ, “ಸ್ಟಿರಾಯ್ಡ್ ಬೆರೆಸಿರ್ತಾರಮ್ಮ” ಅಂದರು.

ಅವರು ಬೆಂಗಳೂರಿನ ರುಮಟಾಲಜಿಸ್ಟ್. ಇಂಥ ಒಂದು ಡಾಕ್ಟರ್ ಜಾತಿ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ, ಕೀಲು ಅಂದರೆ ಮೂಳೆ ಡಾಕ್ಟರೇ ಅಂದ್ಕೊಂಡಿದ್ದೆ. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಅಂತ ರಕ್ತ ಪರೀಕ್ಷೆ ಆಯ್ತು. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. “ಇದು ವಯಸ್ಸಾಗಿ ಸವೆಯೋದಲ್ಲ. ಕೀಲಿನ ಒಳಗೆ ಒಂದು ಲೈನಿಂಗ್ ಇರುತ್ತೆ, ನಿಮ್ಮ ದೇಹದ ರೋಗನಿರೋಧಕ ಶಕ್ತಿನೇ ತಪ್ಪಿ ಅದರ ಮೇಲೆ ಬಿದ್ದಿದೆ. ಲೈನಿಂಗ್ ದಪ್ಪ ಆಗಿ ಊದುತ್ತೆ, ಹಾಗೇ ಬಿಟ್ಟರೆ ಪಕ್ಕದ ಮೂಳೆ ತಿನ್ನುತ್ತೆ” ಅಂದರು. ಲೈನಿಂಗ್ ಅಂದ ತಕ್ಷಣ ನನಗೆ ಪೂರ್ತಿ ಅರ್ಥ ಆಯ್ತು. ಒಳಗಿನ ಬಟ್ಟೆ ಕುಗ್ಗಿದರೂ ಹಿಗ್ಗಿದರೂ ಮೇಲಿನ ರೇಷ್ಮೆ ಸೊಟ್ಟ ಆಗುತ್ತೆ.

ಮೆಥೋಟ್ರೆಕ್ಸೇಟ್ ಅಂತ ಮಾತ್ರೆ. ವಾರಕ್ಕೆ ಒಂದೇ ದಿನ. ಚೀಟಿ ಮೇಲೆ ಕನ್ನಡದಲ್ಲೇ ‘ಭಾನುವಾರ ಮಾತ್ರ’ ಅಂತ ದಪ್ಪಗೆ ಬರೆದು, ನನ್ನ ಕೈಲಿ ಜೋರಾಗಿ ಓದಿಸಿದರು. ಶಾಲೆ ಹುಡುಗಿ ಥರ ಓದಿದೆ. ದಿನಾ ನುಂಗಿ ಪ್ರಾಣಕ್ಕೇ ಕುತ್ತು ತಂದ್ಕೊಂಡವರಿದಾರಂತೆ. ಬೇರೆ ದಿನ ಫೋಲಿಕ್ ಆಸಿಡ್, ಶುರುವಲ್ಲಿ ತಿಂಗಳಿಗೊಂದು ಸಲ ಲಿವರ್ ಮತ್ತು ರಕ್ತದ ಪರೀಕ್ಷೆ. ಆರು ವಾರ ಏನೂ ಗೊತ್ತಾಗಲಿಲ್ಲ, ಮೋಸ ಹೋದೆ ಅಂದ್ಕೊಂಡೆ. ಹತ್ತನೇ ವಾರದಲ್ಲಿ ಒಂದು ದಿನ ಹೊಲಿಗೆ ಮಿಷನ್ನಿಗೆ ಬಾಬಿನ್ ಕೇಸು ಹಾಕಿ ಮುಗಿಸಿದ ಮೇಲೆ ಹೊಳೀತು, ಅರೆ, ಇದನ್ನ ನಾನೇ ಹಾಕಿದೆನಲ್ಲ, ಮಗನ್ನ ಕರೀಲೇ ಇಲ್ಲ.

ಊತ ಇಳೀತು. ಶಕ್ತಿ ಬರಲಿಲ್ಲ. ಎಂಟು ತಿಂಗಳು ಕೈ ಮುದುರಿ ಇಟ್ಟುಕೊಂಡಿದ್ದಕ್ಕೆ ಬೆರಳು ಪೂರ್ತಿ ಮುಷ್ಟಿ ಆಗ್ತಿರಲಿಲ್ಲ, ಕತ್ತರಿ ಎರಡು ಸಲ ಆಡಿಸಿದರೆ ಮಣಿಕಟ್ಟು ಕೈಕೊಡ್ತಿತ್ತು. ಡಾಕ್ಟರು ಚೀಟಿ ಕೊನೆಗೆ ‘ಫಿಸಿಯೋ’ ಅಂತ ಗೀಚಿದರು. 70 ಕಿಲೋಮೀಟರ್ ದಿನಾ ಬೆಂಗಳೂರಿಗೆ ಹೋಗೋಕಾಗಲ್ಲ ಅಂತ ಈ 17 ಮೆಟ್ಟಿಲಿನ ಕ್ಲಿನಿಕ್ಕು.

ಮೊದಲ ಮೂರು ದಿನಕ್ಕೆ ನಾನು ಒಂದು ಸ್ಟಾರ್ ಕೊಡ್ತಿದ್ದೆ. ಕೌಂಟರಲ್ಲಿ ಕೂತ ಹುಡುಗ ಏನಾಗಿದೆ ಅಂತ ಕೇಳೋ ಮುಂಚೆ ಪ್ಯಾಕೇಜ್ ಹೇಳಿದ. ಒಂದು ಸಿಟ್ಟಿಂಗಿಗೆ 400 ರೂಪಾಯಿ, ಹತ್ತಕ್ಕೆ 3,500, ಮೂವತ್ತು ತಗೊಂಡರೆ ಇನ್ನೂ ಕಡಿಮೆ. ಬ್ಲೌಸ್ ಪೀಸ್ ಸೇಲ್ ನಡೀತಿದೆ ಅನ್ನಿಸ್ತು. ನಾನು ಹತ್ತು ತಗೊಂಡೆ. ಒಳಗೆ ಪರದೆ ಹಾಕಿದ ನಾಲ್ಕು ಮಂಚ. ಎಲ್ಲರಿಗೂ ಐಎಫ್‌ಟಿ ಅನ್ನೋ ಕರೆಂಟು ಮಿಷನ್ನು. ರಬ್ಬರ್ ಪ್ಯಾಡು, ಒದ್ದೆ ಸ್ಪಂಜು, ಚರ್ಮದ ಕೆಳಗೆ ಇರುವೆ ಸಾಲು ಹೋದ ಹಾಗೆ ಜುಮ್ಮು, ಹದಿನೈದು ನಿಮಿಷ. ಆ ಮಂಚದವರಿಗೆ ಕತ್ತು, ಈ ಮಂಚದವರಿಗೆ ಮಂಡಿ, ನನಗೆ ಮಣಿಕಟ್ಟು, ಮಿಷನ್ನು ಒಂದೇ. ಎರಡು ಗಂಟೆ ಹಾಯ್ ಅನ್ನಿಸುತ್ತೆ, ಮನೆಗೆ ಬಂದು ಕುಕ್ಕರ್ ಮುಚ್ಚಳಕ್ಕೆ ಕೈ ಹಾಕಿದರೆ ಮತ್ತೆ ಅದೇ ಕಥೆ.

ಕಾಯೋ ಬೆಂಚಿನ ಮಾತುಕತೆ ಮಾತ್ರ ಪುಕ್ಕಟೆ ಜ್ಞಾನ. ಮಂಡಿ ಬದಲಾಯಿಸಿಕೊಂಡ ಒಬ್ಬರು ಪರ್ಸಲ್ಲಿ ಇಂಪ್ಲಾಂಟಿನ ಸ್ಟಿಕರ್ ಇಟ್ಕೊಂಡು ಓಡಾಡ್ತಾರೆ. 2017ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿನ ಬೆಲೆಗೆ ಮಿತಿ ಹಾಕಿತಲ್ಲ, ಕೋಬಾಲ್ಟ್ ಕ್ರೋಮಿಯಂದಕ್ಕೆ ಆಗ 54,720 ರೂಪಾಯಿ ಅಂತ, ಅವರು ಆ ಲೆಕ್ಕ ಹಿಡಿದು ಬಿಲ್ಲಲ್ಲಿ ಸಾಲು ಸಾಲು ಪ್ರಶ್ನೆ ಕೇಳಿದ್ದರಂತೆ. ಅಲ್ಲಿ ಹೆಂಗಸರು ಎದುರಾದರೆ ಊಟ ಆಯ್ತಾ ಅನ್ನಲ್ಲ, “90 ಬಗ್ಗಿತಾ?” ಅಂತಾರೆ. ಮಂಡಿ ಬಗ್ಗೋ ಡಿಗ್ರಿ.

ನಾಲ್ಕನೇ ದಿನ ಮೇಣ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಇಡೀ ಕ್ಲಿನಿಕ್ಕಲ್ಲಿ ಸುಖ ಅಂತ ಇರೋದು ಇದೊಂದೇ. ಸ್ಟೀಲ್ ಡಬ್ಬದಲ್ಲಿ ಪ್ಯಾರಾಫಿನ್ ಮೇಣ ಕರಗಿ ನೀರಾಗಿರುತ್ತೆ, ಮುಟ್ಟೋವಷ್ಟೇ ಬಿಸಿ ಇರಲಿ ಅಂತ ಎಣ್ಣೆ ಬೆರೆಸಿರ್ತಾರೆ. ಮುಳ್ಳು 53 ಡಿಗ್ರಿ ಹತ್ರ ಇತ್ತು. ಬಳೆ, ಉಂಗುರ ತೆಗೆದು, ಕೈ ತೊಳೆದು ಒರೆಸಿ, ಬೆರಳು ಅಗಲಿಸಿ ಅದ್ದಿ ತಕ್ಷಣ ಎತ್ತಬೇಕು. ಮೊದಲ ಸಲ ಅಯ್ಯೋ ಅನ್ನಿಸುತ್ತೆ. ಎತ್ತಿದ ಮೇಲೆ ಮೇಲ್ಪದರ ಮಬ್ಬಾಗಿ ಗಟ್ಟಿ ಆಗುತ್ತೆ, ಮತ್ತೆ ಅದ್ದೋದು. ಏಳೆಂಟು ಸಲ. ಬೆರಳು ಅಲ್ಲಾಡಿಸಬಾರದು, ಪದರ ಬಿರುಕು ಬಿಟ್ಟರೆ ಬಿಸಿ ಮೇಣ ಒಳಗೆ ನುಗ್ಗುತ್ತೆ. ಆಮೇಲೆ ಪ್ಲಾಸ್ಟಿಕ್ ಕವರು, ಮೇಲೆ ಟವಲು ಸುತ್ತಿ ಇಪ್ಪತ್ತು ನಿಮಿಷ ಕೂರಿಸ್ತಾರೆ. ಬಿಸಿ ಮೂಳೆ ತನಕ ಇಳಿದ ಹಾಗೆ ಅನ್ನಿಸುತ್ತೆ. ಕಳಚೋವಾಗ ಮಣಿಕಟ್ಟಿನಿಂದ ಮೆಲ್ಲಗೆ ಬಿಡಿಸಿದರೆ ಇಡೀ ಕೈ ಅಚ್ಚು ಹಾಗೇ ಬರುತ್ತೆ, ಗೆರೆಗೆರೆ ಸಮೇತ. ನನ್ನ ಸೊಟ್ಟ ತೋರುಬೆರಳು ಅದರಲ್ಲಿ ಇನ್ನೂ ಸೊಟ್ಟ ಕಂಡಿತು.

ಆದರೆ ಕಾಯಿಲೆ ಜೋರಾಗಿದ್ದಾಗ, ಗೆಣ್ಣು ಕೆಂಪಾಗಿ ಬಿಸಿ ಇದ್ದಾಗ ಮೇಣ ಬೇಡ. ಗಾಯ ಇದ್ದರೂ ಬೇಡ, ಶುಗರ್‌ನಿಂದ ಕೈ ಜೋಮು ಹಿಡಿದು ಬಿಸಿ ಗೊತ್ತಾಗದವರಿಗಂತೂ ಬೇಡವೇ ಬೇಡ. ಒಂದು ಸಂಜೆ ಡಬ್ಬದ ತಳದಲ್ಲಿ ಕೂದಲಿತ್ತು. ಹೇಳಿದೆ. “ದಿನಾ ಸೋಸ್ತೀವಿ ಮೇಡಂ” ಅಂದರು. ಅಂದಿನಿಂದ ನಾನು ಬೆಳಗ್ಗೆ ಮೊದಲ ಸಿಟ್ಟಿಂಗೇ ಕೇಳ್ತೀನಿ. ಮಗ ಆನ್‌ಲೈನಲ್ಲಿ 1,800ಕ್ಕೆ ಮನೆಗೇ ಒಂದು ಮೇಣದ ಮಿಷನ್ ತರಿಸಿದ, ಅದು ಒಂದು ಮೂಲೆಯಲ್ಲಿ ಮಾತ್ರ ಕರಗಿಸ್ತಿತ್ತು. ವಾಪಸ್ ಕಳಿಸಿದ್ವಿ. ಗ್ಯಾಸ್ ಮೇಲೆ ಪಾತ್ರೆ ಇಟ್ಟು ಮೇಣ ಕರಗಿಸೋ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ, ಹೊತ್ತಿಕೊಳ್ಳುತ್ತೆ.

ಈ ಮೇಣ ಹಾಕೋ ಹುಡುಗಿ ಬಗ್ಗೆ ಹೇಳೋಕೇ ನಾನು ಇಷ್ಟೆಲ್ಲ ಬರೆದಿದ್ದು. ಕೊರಟಗೆರೆ ಕಡೆಯವಳು, ಓದು ಮುಗಿಸಿ ಎರಡು ವರ್ಷ ಆಗಿದೆ ಅಷ್ಟೆ. “ಆಂಟಿ” ಅಂದಳು. ಆಂಟಿ ಬೇಡ, ಅಕ್ಕ ಅನ್ನು ಅಂದೆ. “ಅಕ್ಕ, ನೀವು ಏನು ಕೆಲಸ ಮಾಡ್ತೀರಾ?” ಅಂತ ಕೇಳಿದಳು. ಅಷ್ಟು ತಿಂಗಳಲ್ಲಿ, ಅಷ್ಟು ಡಾಕ್ಟರಲ್ಲಿ, ಆ ಪ್ರಶ್ನೆ ಕೇಳಿದ ಮೊದಲನೆಯವಳು ಅವಳು. ಟೈಲರ್ ಅಂದೆ. “ನಾಳೆ ನಿಮ್ಮ ಕತ್ತರಿ ತನ್ನಿ. ಅರ್ಧ ಹೊಲಿದಿರೋ ಬ್ಲೌಸು, ಸೂಜಿದಾರ ಎಲ್ಲ ತನ್ನಿ.”

ಮಾರನೇ ದಿನ ಕೌಂಟರ್ ಹುಡುಗ ನನ್ನ ಹತ್ತಿಂಚಿನ ಕತ್ತರಿ ನೋಡಿ ಗಾಬರಿ ಆದ. ಅವಳು ಮಂಚದ ಮೇಲೆ ಪೇಪರ್ ಹಾಸಿ, ನನ್ನನ್ನ ಕೂರಿಸಿ, “ನಾನಿಲ್ಲ ಅಂದ್ಕೊಂಡು ಕೆಲಸ ಮಾಡಿ” ಅಂದು ಸ್ಟೂಲ್ ಮೇಲೆ ಕೂತಳು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಒಂದೊಂದೇ ತೋರಿಸಿದಳು. ಬಟ್ಟೆ ಸರಿಸೋವಾಗ ನಾನು ಬೆರಳುಗಳನ್ನ ಕಿರುಬೆರಳಿನ ಕಡೆಗೆ ತಳ್ತಿದ್ದೆ. ಈ ಕಾಯಿಲೆಲಿ ಬೆರಳು ವಾಲೋದೂ ಅದೇ ದಿಕ್ಕಿಗೆ, ಅಂದರೆ ಕಾಯಿಲೆಗೆ ನಾನೇ ಸಹಾಯ ಮಾಡ್ತಿದ್ದೆ. ಹುಕ್ಕು ಹಾಕೋವಾಗ ಸೂಜಿನ ಹೆಬ್ಬೆರಳು ತೋರುಬೆರಳಿನ ತುದೀಲಿ ಎಷ್ಟು ಗಟ್ಟಿ ಹಿಡೀತಿದ್ದೆ ಅಂದರೆ ಉಗುರು ಬೆಳ್ಳಗಾಗ್ತಿತ್ತು. ಕತ್ತರಿಯ ಹಿಡಿ ಹೆಬ್ಬೆರಳ ಬುಡದ ಕೀಲಿಗೇ ಒತ್ತುತ್ತಿತ್ತು. “ಎಷ್ಟು ಹೊತ್ತು ಏಳದೆ ಕೂರ್ತೀರಾ?” ಮದುವೆ ಕಾಲದಲ್ಲಿ ನಾಲ್ಕು ಗಂಟೆ ಅಂದೆ. ಅವಳು ಬರ್ಕೊಂಡಳು, ಬೈಯಲಿಲ್ಲ.

ಕೈ ಶಕ್ತಿ ಅಳೆದಿದ್ದು ಬಿಪಿ ಮಿಷನ್ನಲ್ಲಿ. ಪಟ್ಟಿ ಸುತ್ತಿ ಮಡಚಿ, 20ರ ತನಕ ಗಾಳಿ ತುಂಬಿ, ಹಿಸುಕು ಅಂದಳು. ಎಷ್ಟಕ್ಕೆ ಏರುತ್ತೋ ಅದೇ ಶಕ್ತಿಯ ಲೆಕ್ಕ. ಬಲಗೈ 58, ಎಡಗೈ 52. ಹಿಡಿ ಅಳೆಯೋ ಕಬ್ಬಿಣದ ಮಿಷನ್ನು ಈ ಕೈಗೆ ನೋಯುತ್ತೆ ಅಂತ ಈ ಉಪಾಯವಂತೆ.

ಕತ್ತರಿ ಬದಲಾಯ್ತು, ಸ್ಪ್ರಿಂಗ್ ಇರೋದು, ಬಿಟ್ಟರೆ ತಾನೇ ತೆರೆದುಕೊಳ್ಳುತ್ತೆ. ಏಸಿ ಪೈಪಿಗೆ ಸುತ್ತೋ ಕಪ್ಪು ಸ್ಪಂಜು ತಂದು ಸೌಟು, ಚಾಕು, ಮಾರ್ಕಿಂಗ್ ಪೆನ್ಸಿಲ್ಲು, ಎಲ್ಲದರ ಹಿಡಿ ದಪ್ಪ ಮಾಡಿದೆ. 40 ರೂಪಾಯಿ ಖರ್ಚು. ಬಟ್ಟೆ ಸರಿಸೋದು ಈಗ ಅಂಗೈಯಿಂದ. ಚೀಲ ಬೆರಳಿಗಲ್ಲ, ಮೊಣಕೈಗೆ. ಅರ್ಧ ಗಂಟೆಗೊಂದು ಸಲ ಫೋನಲ್ಲಿ ಗಂಟೆ ಹೊಡೆಯುತ್ತೆ, ಐದು ನಿಮಿಷ ಏಳಬೇಕು. ಹುಕ್ಕು ಮತ್ತು ಕಾಜಾ ಕೆಲಸ ಹಿಂದಿನ ಬೀದಿ ಹುಡುಗಿಗೆ ಕೊಟ್ಟೆ, ಒಂದು ಬ್ಲೌಸಿಗೆ 25 ರೂಪಾಯಿ. ಅದು ನನ್ನ ಹೊಟ್ಟೆಗೆ ಬಿದ್ದ ಹೊಡೆತ, ಸುಳ್ಳು ಹೇಳಲ್ಲ.

ದೊಡ್ಡ ಗಲಾಟೆ ಆಗಿದ್ದು ಮುದ್ದೆ ವಿಷಯಕ್ಕೆ. ನಮ್ಮನೇಲಿ ದಿನಾ ರಾತ್ರಿ ಮುದ್ದೆ. ಕುದಿಯೋ ಹಿಟ್ಟಲ್ಲಿ ಕೋಲು ಹಾಕಿ ತಿರುವೋದು ಮಣಿಕಟ್ಟಿಗೆ ಎಂಥ ಕೆಲಸ ಅಂತ ಮುದ್ದೆ ಉಣ್ಣೋರಿಗೆ ಗೊತ್ತಿರಲ್ಲ, ಮಾಡೋರಿಗೆ ಗೊತ್ತು. “ಅದನ್ನ ಬೇರೆಯವರು ಮಾಡಲಿ” ಅಂದಳು. ನಮ್ಮ ಯಜಮಾನರು ಒಂದು ವಾರ ಅನ್ನ ಉಂಡರು. ಎಂಟನೇ ದಿನ ಕೋಲು ಹಿಡಿದರು. ಮೊದಲ ಮುದ್ದೆಲಿ ಗಂಟು ಬಂದಿತ್ತು, ಎಲ್ಲರೂ ಸುಮ್ಮನೆ ನುಂಗಿದ್ವಿ.

ವ್ಯಾಯಾಮ ಒಟ್ಟು 11. ಏಳು ಬೆರಳು ಮಣಿಕಟ್ಟು ಸಲೀಸಾಗಿ ಆಡೋಕೆ, ನಾಲ್ಕು ಶಕ್ತಿಗೆ. ಕೊಕ್ಕೆ ಥರ ಬಗ್ಗಿಸೋದು, ಮುಷ್ಟಿ ಕಟ್ಟೋದು, ಬೆರಳು ಹೆಬ್ಬೆರಳ ಕಡೆಗೆ ಒಂದೊಂದೇ ನಡೆಸೋದು. ಹಿಸುಕೋಕೆ ಅವರು ಮಾರೋ ಜೇಡಿಮಣ್ಣಿನಂಥ ಬಣ್ಣದ ಉಂಡೆ 350 ರೂಪಾಯಿ. ನಾನು ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿಟ್ಟು ಅದರಲ್ಲೇ ಮಾಡ್ತೀನಿ, ಮುಗಿದ ಮೇಲೆ ತಿನ್ನಬಹುದು. ಈ ಹನ್ನೊಂದರ ಪಟ್ಟಿ ಇಂಗ್ಲೆಂಡಿನದಂತೆ, ‘ಸಾರಾ’ ಅಂತ ಹೆಸರು. 490 ರೋಗಿಗಳ ಮೇಲೆ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದಾರೆ. ಮಾತ್ರೆ ತಗೋತಾನೇ ಇದನ್ನೂ ಮಾಡಿದವರ ಕೈ ಒಂದು ವರ್ಷ ಆದ ಮೇಲೂ ಬೇರೆಯವರಿಗಿಂತ ಚೆನ್ನಾಗಿ ಕೆಲಸ ಮಾಡ್ತಿತ್ತಂತೆ. ಅಲ್ಲಿ ಕೆಲವೇ ಸಲ ಕರೆಸಿ ಕಲಿಸಿ, ಮಿಕ್ಕಿದ್ದೆಲ್ಲ ಮನೇಲಿ ದಿನಾ ಮಾಡಿ ಅಂದಿದ್ದು. ಹಾಗಾದರೆ ಮೂವತ್ತು ಸಿಟ್ಟಿಂಗ್ ಪ್ಯಾಕೇಜ್ ಯಾರಿಗೆ ಅಂತ ಕೇಳಿದೆ. ಹುಡುಗಿ ಪರದೆ ಕಡೆ ನೋಡಿ ನಕ್ಕಳು. ಹತ್ತು ಮುಗಿದ ಮೇಲೆ ನಾನು ಪ್ಯಾಕೇಜ್ ತಗೊಳ್ಳಲಿಲ್ಲ, ತಿಂಗಳಿಗೊಂದು ಸಲ 400 ಕೊಟ್ಟು ತೋರಿಸಿಕೊಂಡು ಬರ್ತೀನಿ.

ಈಗ ದೂರು. ಕೈ ತೊಳೆಯೋ ಬೇಸಿನ್ನಿನ ನಲ್ಲಿ ತಿರುಗಿಸೋ ಥರದ್ದು. ಕೈ ಕೀಲು ಕೆಟ್ಟವರು ಬರೋ ಜಾಗದಲ್ಲಿ! ಉದ್ದ ಹಿಡಿಯದ್ದು ಹಾಕಿಸಿ, ಮೊಣಕೈಲಿ ತಳ್ಳಬಹುದು ಅಂತ ಎರಡು ಸಲ ಹೇಳಿದೀನಿ. ಇನ್ನೂ ಹಾಕಿಲ್ಲ. ಅದಕ್ಕೂ ಮೆಟ್ಟಿಲಿಗೂ ಸೇರಿ ಒಂದು ಸ್ಟಾರ್ ಕಟ್.

ನಲ್ಲಿಗಿಂತ ಕೆಟ್ಟದ್ದು ಗೋಡೆ ಮೇಲಿನ ಪೋಸ್ಟರ್. ‘ಮಾತ್ರೆ ಇಲ್ಲದೆ ಕೀಲುನೋವಿಗೆ ಪರಿಹಾರ.’ ಸವೆದ ಮಂಡಿಯವರಿಗೆ ವ್ಯಾಯಾಮದಿಂದ ನೋವಿನ ಮಾತ್ರೆ ಕಡಿಮೆ ಆಗಬಹುದು, ಒಪ್ತೀನಿ. ನನ್ನಂಥ ಕಾಯಿಲೆಯವರು ಅದನ್ನ ನಂಬಿದರೆ ಕೈ ಹೋಯ್ತು. ಬೆಂಚಿನ ಮೇಲೆ ಪರಿಚಯ ಆದ ಒಬ್ಬರು ಸಿಟ್ಟಿಂಗ್ ಶುರು ಮಾಡಿ ಮೆಥೋಟ್ರೆಕ್ಸೇಟ್ ನಿಲ್ಲಿಸಿದ್ದರು, ಮೇಣದಿಂದಲೇ ಸರಿ ಹೋಗುತ್ತೆ ಅಂತ. ಎರಡು ತಿಂಗಳಿಗೆ ಎರಡೂ ಮಣಿಕಟ್ಟು ಊದಿಸಿಕೊಂಡು ಬಂದರು. ಆ ಪೋಸ್ಟರ್ ತೆಗೀರಿ ಅಂತ ಮಾಲೀಕರಿಗೆ ಹೇಳಿದರೆ “ಅದು ಜನರಲ್ ಆಗಿ ಮೇಡಂ” ಅಂದರು. ಅರ್ಧ ಸ್ಟಾರ್ ಅಲ್ಲಿ ಹೋಯ್ತು. ಎಲ್ಲ ಕಳೆದು ಮೂರೂವರೆ, ಅದರಲ್ಲಿ ಮೂರು ಆ ಹುಡುಗಿಯದು.

ದುಡ್ಡು ಕಷ್ಟ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋ ವಿಭಾಗ ಇದೆಯಾ ಅಂತ ಮೊದಲು ವಿಚಾರಿಸಿ. ಮಾತ್ರೆಗೆ ಜನೌಷಧಿ ಅಂಗಡಿ ನೋಡಿ, ನನಗೆ ತಿಂಗಳ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಹೋಗೋವಾಗ ರಿಪೋರ್ಟಿನ ಜೊತೆ ನಿಮ್ಮ ಕೆಲಸದ ಸಾಮಾನೂ ಹಿಡ್ಕೊಂಡು ಹೋಗಿ, ಕತ್ತರಿನೋ ಕುಡುಗೋಲೋ. ನೋಡೋಲ್ಲ ಅಂದರೆ ಆ ಕ್ಲಿನಿಕ್ಕಲ್ಲಿ ಪ್ಯಾಕೇಜ್ ತಗೋಬೇಡಿ.

ಹೋದ ವಾರ ತಿಂಗಳ ಚೆಕಪ್ಪಿಗೆ ಹೋಗಿದ್ದೆ. ಬಿಪಿ ಪಟ್ಟಿ ಹಿಸುಕಿದೆ. ಬಲಗೈ 118, ಎಡಗೈ 109. ನನಗೆ ಖುಷಿ. ಅವಳು ಹಳೇ ಪುಸ್ತಕ ತಿರುವಿ, “ಹೋದ ತಿಂಗಳು ಬಲಗೈ 126 ಇತ್ತಲ್ಲ ಅಕ್ಕ, ಏನು ಮಾಡಿದ್ರಿ?” ಅಂದಳು. ಮದುವೆ ಸೀಸನ್, ಹುಕ್ಕಿನ ಹುಡುಗಿ ಊರಿಗೆ ಹೋಗಿದ್ದಳು, ಒಂಬತ್ತು ದಿನದಲ್ಲಿ ಹದಿನಾಲ್ಕು ಬ್ಲೌಸಿಗೆ ನಾನೇ ಹುಕ್ಕು ಹಾಕಿದ್ದೆ. “ಒಂದೆರಡು ದಿನ ಮುದ್ದೆ ತಿರುವಿದೆ” ಅಂದೆ. ಅವಳು ಏನೂ ಅನ್ನಲಿಲ್ಲ. ನನ್ನ ತೋರುಬೆರಳ ತುದೀಲಿ ಸೂಜಿ ಚುಚ್ಚಿದ ಚುಕ್ಕೆಗಳನ್ನೇ ನೋಡ್ತಿದ್ದಳು.